ನೀರುಕಾಗೆಯ ಕಿವಿ

"ಗುರುಗಳೇ, ಎಲ್ಲರ ದುಃಖವನ್ನೂ ಕೇಳುವವನು ತಾನು ಒಡೆಯದೆ ಉಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನಿಗೆ ಆಶ್ರಮದ ಹೊರಜಗಲಿಯ ಕೆಲಸ ಕೊಟ್ಟಿದ್ದರು. ಮನೆಯಲ್ಲಿ ಸಾವಾದವರು, ಕಾಯಿಲೆ ಬಿದ್ದವರು, ಹೇಳಿಕೊಳ್ಳಲು ಯಾರೂ ಇಲ್ಲದವರು ಅಲ್ಲಿಗೆ ಬರುತ್ತಿದ್ದರು. ಅವರ ಮಾತನ್ನು ಕೊನೆಯವರೆಗೆ ಕೇಳುವುದೇ ಅವನ ಕೆಲಸ. ಮೊದಮೊದಲು ಅವನು ಇಷ್ಟಪಟ್ಟು ಕೇಳಿದ. ಈಚೆಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಯಾರಾದರೂ ಮೆಟ್ಟಿಲು ಹತ್ತುವ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು.

"ನನಗಿಂತ ಮೊದಲು ಅಲ್ಲಿ ಕೂರುತ್ತಿದ್ದವರು ಸ್ವಲ್ಪ ದಿನ ತಾಳಿಕೊ ಎಂದರು. ಮನಸ್ಸು ಜಡ್ಡುಗಟ್ಟುತ್ತದಂತೆ, ಆಮೇಲೆ ಏನೂ ತಾಕುವುದಿಲ್ಲವಂತೆ. ಜಡ್ಡುಗಟ್ಟಿದ ಮೇಲೆ ಕೇಳಿ ಏನು ಪ್ರಯೋಜನ? ಜಡ್ಡುಗಟ್ಟದಿದ್ದರೆ ನಾನು ಉಳಿಯುವುದಿಲ್ಲ. ಬೇರೆ ದಾರಿ ಇದೆಯೇ?"

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ನದಿ ಕಡಲನ್ನು ಸೇರುವ ಒಂದು ಊರಿನಲ್ಲಿ ಜಟ್ಟಿ ಎಂಬ ಅಂಬಿಗನಿದ್ದ. ನೀರಿನಡಿಯ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಕಲ್ವದ ಚಿಪ್ಪುಗಳನ್ನು ಮುಳುಗಿ ಕಿತ್ತು ತರುವುದು ಅವನ ಕಸುಬು. ಒಳಗಿನ ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ. ಅವನಿಗೆ ಇನ್ನೊಂದು ವಿದ್ಯೆಯೂ ತಿಳಿದಿತ್ತು. ಮಣ್ಣಿನ ಕೊಡಕ್ಕೆ ಚರ್ಮ ಬಿಗಿದು ಮಾಡುವ ಗುಮಟೆ ವಾದ್ಯವನ್ನು ಅವನ ಹಾಗೆ ಶ್ರುತಿಗೊಳಿಸುವವರು ಆ ತೀರದಲ್ಲಿ ಇರಲಿಲ್ಲ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ, ಬೆರಳ ತುದಿಯಿಂದ ತಟ್ಟುತ್ತಿದ್ದ, ತಲೆ ಓರೆ ಮಾಡಿ ಕೇಳುತ್ತಿದ್ದ. ಉಳಿದವರಿಗೆ ಒಂದೇ ಎನ್ನಿಸುವ ಎರಡು ನಾದಗಳ ನಡುವೆ ಅವನಿಗೆ ದೊಡ್ಡ ಅಂತರ ಕಾಣುತ್ತಿತ್ತು.

ನೀರಿನಲ್ಲೂ ಅವನು ಕಿವಿಯಿಂದಲೇ ದಾರಿ ಹುಡುಕುತ್ತಿದ್ದ. ಕಲ್ವ ದಟ್ಟವಾಗಿರುವ ಕಡೆ ನೀರೊಳಗೆ ಅರಳು ಹುರಿದಂತೆ ಚಟಪಟ ಸದ್ದಿರುತ್ತದೆ. ಆ ಸದ್ದಿನ ಕಡೆಗೆ ಈಜಿದರೆ ಬಂಡೆ ಸಿಗುತ್ತಿತ್ತು.

ಆ ಊರಿನ ಮುಳುಗುವವರಲ್ಲಿ ಒಂದು ಪದ್ಧತಿ ಇತ್ತು. ಆಳಕ್ಕೆ ಹೋದಂತೆ ನೀರು ಕಿವಿಯನ್ನು ಒತ್ತುತ್ತದೆ. ನೋವು ಶೂಲ ಇರಿದಂತೆ ಬರುತ್ತದೆ. ನೋವು ಬಂದಾಗ ನಿಲ್ಲಬಾರದು, ಇನ್ನೂ ಕೆಳಗೆ ಹೋಗಬೇಕು, ಒಳಗಿನ ತಮಟೆ ಹರಿಯಬೇಕು. ಹರಿದ ಮೇಲೆ ನೋವಿಲ್ಲ. ಕಿವಿಯಿಂದ ರಕ್ತ ಇಳಿಸಿಕೊಂಡು ಮೇಲೆ ಬಂದವನ ಕೆನ್ನೆಗೆ ಹಿರಿಯರು ಅರಿಸಿನ ಹಚ್ಚುತ್ತಿದ್ದರು. ಆವತ್ತಿನಿಂದ ಅವನು ಗಂಡಾಳು. ಆ ಊರಿನ ಮುದುಕರೊಂದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು. ಅದು ಯಾರಿಗೂ ವಿಶೇಷ ಎನ್ನಿಸುತ್ತಿರಲಿಲ್ಲ.

ಜಟ್ಟಿ ಮಾತ್ರ ತೆಳುನೀರಿನಲ್ಲೇ ಮುಳುಗಿ ತನ್ನ ಕಿವಿ ಉಳಿಸಿಕೊಂಡಿದ್ದ. "ಇವನು ಮೊಣಕಾಲು ನೀರಿನ ಅಂಬಿಗ" ಎಂದು ಹಿರಿಯ ತಿಮ್ಮಜ್ಜ ನಗುತ್ತಿದ್ದ. ಜಟ್ಟಿಯೂ ನಕ್ಕು ಸುಮ್ಮನಾಗುತ್ತಿದ್ದ.

ಒಂದು ವರ್ಷ ನದಿಗೆ ದೊಡ್ಡ ನೆರೆ ಬಂತು. ನೆರೆ ಇಳಿದಾಗ ತೆಳುನೀರಿನ ಬಂಡೆಗಳ ಮೇಲೆ ಹೂಳು ಕೂತಿತ್ತು. ಕಲ್ವವೆಲ್ಲ ಅದರಡಿಯಲ್ಲಿ ಉಸಿರುಗಟ್ಟಿ ಸತ್ತಿತ್ತು. ಉಳಿದದ್ದು ನದಿ ಕಡಲಿಗೆ ಬೀಳುವ ಅಳಿವೆಯ ಬಾಯಲ್ಲಿದ್ದ ಆಳದ ಗುಂಡಿಯೊಂದೇ. ಮನೆಯಲ್ಲಿ ಒಲೆ ಉರಿಯಬೇಕಿತ್ತು. ಜಟ್ಟಿ ಎಲ್ಲರೊಂದಿಗೆ ದೋಣಿ ಹತ್ತಿದ.

ಅವನು ಮುಳುಗಿದ. ನೋವು ಬಂತು. ಇನ್ನೂ ಇಳಿದ. ಬಲಗಿವಿಯಲ್ಲಿ ಏನೋ ಸೀಳಿದ ಸದ್ದಾಯಿತು. ತಣ್ಣೀರು ತಲೆಯೊಳಕ್ಕೇ ನುಗ್ಗಿದಂತಾಯಿತು. ಮರುಕ್ಷಣ ಅವನ ಸುತ್ತ ನೀರೆಲ್ಲ ಬುಗುರಿಯಂತೆ ತಿರುಗತೊಡಗಿತು. ಮೇಲೆ ಯಾವುದು, ಕೆಳಗೆ ಯಾವುದು ಅವನಿಗೆ ತಿಳಿಯಲಿಲ್ಲ. ಮೇಲಕ್ಕೆಂದು ಕೈ ಬೀಸಿದ. ಕೈ ಕೆಸರಿಗೆ ತಾಗಿತು. ಉಸಿರು ಮುಗಿಯುತ್ತಾ ಬಂತು.

ಆಗ ಅವನ ಮುಂದಿನಿಂದ ಕಪ್ಪಾದದ್ದೊಂದು ಹಾದುಹೋಯಿತು. ಅದೊಂದು ನೀರುಕಾಗೆ. ಕೊಕ್ಕಿನಲ್ಲಿ ಮೀನು ಒದ್ದಾಡುತ್ತಿತ್ತು. ಮೀನು ಹಿಡಿದ ನೀರುಕಾಗೆ ಅದನ್ನು ನುಂಗಲು ಮೇಲಕ್ಕೇ ಹೋಗುತ್ತದೆ ಎಂಬುದು ಅಂಬಿಗನಿಗೆ ಗೊತ್ತು. ತನ್ನ ತಲೆ ಹೇಳಿದ ದಿಕ್ಕನ್ನು ಬಿಟ್ಟು ಜಟ್ಟಿ ಹಕ್ಕಿ ಹೋದ ದಿಕ್ಕಿಗೆ ಕಾಲು ಬಡಿದ. ಬೆಳಕು ಕಂಡಿತು. ದೋಣಿಯವರು ಜುಟ್ಟು ಹಿಡಿದು ಎಳೆದುಕೊಂಡರು.

ತಿಮ್ಮಜ್ಜ ಅವನ ಕಿವಿಯ ರಕ್ತ ನೋಡಿ ಸಂತೋಷಪಟ್ಟ. ಕೆನ್ನೆಗೆ ಅರಿಸಿನ ಹಚ್ಚಿದ.

ಗಾಯ ಕೀವಾಗಿ, ಒಣಗಿ, ಮತ್ತೆ ಕೀವಾಗಿ ಕೊನೆಗೆ ಮಾಯಿತು. ಹರಿದ ತಮಟೆ ಮಾತ್ರ ಕೂಡಿಕೊಳ್ಳಲಿಲ್ಲ. ಆ ಕಿವಿಗೆ ಶಬ್ದ ಮರಳಲಿಲ್ಲ. ಒಂದು ಸಂಜೆ ಯಾರೋ ಗುಮಟೆ ತಂದುಕೊಟ್ಟರು. ಜಟ್ಟಿ ಚರ್ಮ ಕಾಯಿಸಿದ, ತಟ್ಟಿದ, ಕೇಳಿದ. ಮತ್ತೆ ಕಾಯಿಸಿದ, ಮತ್ತೆ ತಟ್ಟಿದ. ನಾದ ಎಲ್ಲೋ ಗೋಡೆಯಾಚೆ ಇದ್ದಂತಿತ್ತು. ಅವನು ಅದನ್ನು ಹಾಗೆಯೇ ಹಿಂದಕ್ಕೆ ಕೊಟ್ಟು ಕಳಿಸಿದ.

ಅವನ ಹೆಂಡತಿ ಬೀರಮ್ಮ ಇದನ್ನೆಲ್ಲ ಒಲೆಯ ಮುಂದಿನಿಂದಲೇ ನೋಡಿದಳು. "ಇನ್ನೊಂದು ಕಿವಿ ಇದೆಯಲ್ಲ" ಎಂದಳು.

"ನನ್ನದಲ್ಲ ಚಿಂತೆ. ಮಂಕಾಳಿಯದು" ಎಂದ ಜಟ್ಟಿ.

ಮಂಕಾಳಿ ಅವನ ತಮ್ಮ. ಆಗತಾನೆ ಮೀಸೆ ಬಲಿತವನು. ಗುಮಟೆಯ ವಿದ್ಯೆಯನ್ನು ಅಣ್ಣನಿಂದ ಕಲಿಯುತ್ತಿದ್ದ. ಒಮ್ಮೊಮ್ಮೆ ಅಣ್ಣನಿಗಿಂತ ಮೊದಲೇ ಅಪಶ್ರುತಿಯನ್ನು ಹಿಡಿಯುತ್ತಿದ್ದ. ಮಳೆಗಾಲ ಕಳೆದು ನೀರು ತಿಳಿಯಾದೊಡನೆ ಅವನೂ ಗುಂಡಿಗೆ ಇಳಿಯಬೇಕೆಂದು ಹಿರಿಯರು ಗೊತ್ತುಮಾಡಿದ್ದರು. ಅವನಿಗೆ ಅದರ ಭಯವೇ ಇರಲಿಲ್ಲ. ಅಣ್ಣನ ಕೆನ್ನೆಗೆ ಅರಿಸಿನ ಹಚ್ಚಿದ್ದನ್ನು ಅವನು ಕಣ್ತುಂಬ ನೋಡಿದ್ದ.

ಜಟ್ಟಿ ನದಿಯ ದಡದಲ್ಲಿ ಕೂತು ನೀರುಕಾಗೆಗಳನ್ನು ನೋಡತೊಡಗಿದ. ಮೊದಲು ನೋಡಿದ್ದು ಹೊಟ್ಟೆಕಿಚ್ಚಿನಿಂದ. ನಾನು ಒಂದು ಸಲ ಹೋಗಿ ಕಿವಿ ಕಳೆದುಕೊಂಡ ಕಡೆಗೆ ಈ ಹಕ್ಕಿ ಬೆಳಗಿನಿಂದ ಸಂಜೆಯವರೆಗೆ ಹೋಗಿ ಬರುತ್ತದೆ. ಇದರ ಕಿವಿ ಒಡೆಯುವುದಿಲ್ಲವೇಕೆ? ಇದಕ್ಕೆ ಕಿವಿಯೇ ಇಲ್ಲವೇ? ನೋಡುತ್ತಾ ನೋಡುತ್ತಾ ಹೊಟ್ಟೆಕಿಚ್ಚು ಹೋಗಿ ಪ್ರಶ್ನೆಯೊಂದೇ ಉಳಿಯಿತು.

ಒಂದು ಬೆಳಿಗ್ಗೆ, ಮೀನಿಗೆಂದು ನೀರಿನಲ್ಲಿ ಬಿಟ್ಟಿದ್ದ ಬೀಡುಬಲೆಯಲ್ಲಿ ಸಿಕ್ಕಿ ಸತ್ತ ನೀರುಕಾಗೆಯೊಂದು ಅವನಿಗೆ ದೊರಕಿತು. ಅವನು ಅದನ್ನು ಊರಿನ ವೈದ್ಯರಾದ ಶೇಷಗಿರಿ ಪಂಡಿತರ ಬಳಿಗೆ ಒಯ್ದ. ಅವನ ಕಿವಿಗೆ ಎಣ್ಣೆ ಹಾಕಿ ವಾಸಿ ಮಾಡಿದವರು ಅವರೇ. "ಇದರ ಕಿವಿ ಎಲ್ಲಿದೆ ನೋಡಬೇಕು ಪಂಡಿತರೇ" ಎಂದ. ಪಂಡಿತರಿಗೂ ಅದು ಗೊತ್ತಿರಲಿಲ್ಲ. ಇಬ್ಬರೂ ಜಗಲಿಯ ಮೇಲೆ ಬೆಳಕಿಗೆ ಕೂತರು. ಹೋಲಿಸಿ ನೋಡಲೆಂದು, ಅಂದು ಬೀರಮ್ಮ ಸಾರಿಗೆಂದು ಕೊಯ್ದ ಕೋಳಿಯ ತಲೆಯನ್ನೂ ತರಿಸಿಕೊಂಡರು.

ಕೋಳಿಯ ಕಿವಿ ಸುಲಭವಾಗಿ ಸಿಕ್ಕಿತು. ಗರಿ ಸರಿಸಿದರೆ ಮೆಣಸಿನ ಕಾಳು ಹಿಡಿಸುವಷ್ಟು ತೂತು. ನೀರುಕಾಗೆಯದನ್ನು ಹುಡುಕಲು ಹೊತ್ತು ಹಿಡಿಯಿತು. ಕಣ್ಣಿನ ಹಿಂದೆ ಸಣ್ಣ ಗರಿಗಳು ಒಂದರ ಮೇಲೊಂದು ಒತ್ತಾಗಿ ಮಲಗಿದ್ದವು, ಹಂಚು ಹೊದಿಸಿದ ಹಾಗೆ. ಅವುಗಳ ಅಡಿಯಲ್ಲಿ ಸಾಸಿವೆ ಕಾಳು ಹಿಡಿಸುವಷ್ಟು ತೂತಿತ್ತು. ಪಂಡಿತರು ಚೂಪಾದ ಚೂರಿಯಿಂದ ಒಳದಾರಿಯನ್ನು ಮೆಲ್ಲನೆ ಬಿಡಿಸಿದರು. ತಮಟೆ ಕಂಡಿತು.

ಜಟ್ಟಿ ಅದನ್ನು ಬೆರಳ ತುದಿಯಿಂದ ಮುಟ್ಟಿದ. ಆಮೇಲೆ ಕೋಳಿಯದನ್ನು ಮುಟ್ಟಿದ.

"ಕೋಳಿಯದು ಅಗಲ ಬಾಯಿಗೆ ತೆಳುಚರ್ಮ ಕಟ್ಟಿದ ಗುಮಟೆ. ಗಾಳಿ ತಾಗಿದರೂ ನುಡಿಯುತ್ತದೆ, ಗುದ್ದಿದರೆ ಹರಿಯುತ್ತದೆ. ಇದು ಕಿರುಬಾಯಿಗೆ ದಪ್ಪಚರ್ಮ. ಗುದ್ದು ತಾಳುತ್ತದೆ" ಎಂದ.

"ಅಷ್ಟೇ ಅಲ್ಲ. ಇಲ್ಲಿ ನೋಡು" ಎಂದರು ಪಂಡಿತರು.

ತಮಟೆಯ ಹಿಂದೆ ಸಣ್ಣದೊಂದು ಕೋಣೆಯಿತ್ತು. ಕೋಳಿಯಲ್ಲಿ ಆ ಕೋಣೆ ಬರಿದಾಗಿತ್ತು. ನೀರುಕಾಗೆಯಲ್ಲಿ ಅದರ ಗೋಡೆಗೆ ಮೆತ್ತನೆಯ ಮಾಂಸ ಹಾಸಿತ್ತು. ನೀರಿನಲ್ಲೇ ಸತ್ತ ಹಕ್ಕಿ ಅದು. ಮಾಂಸ ರಕ್ತ ತುಂಬಿ ಉಬ್ಬಿ ಕೋಣೆಯನ್ನು ಬಹುಪಾಲು ತುಂಬಿತ್ತು. ಪಂಡಿತರು ಬೆರಳಿನಿಂದ ಒತ್ತಿದರು. ರಕ್ತ ಹಿಂದಕ್ಕೆ ಸರಿದು ಮಾಂಸ ಕುಗ್ಗಿತು.

ಪಂಡಿತರು ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಹೇಳಿದರು: "ಕೋಣೆ ಬರಿದಾಗಿದ್ದರೆ ಹೊರಗಿನ ನೀರು ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ತಮಟೆ ಹರಿಯುತ್ತದೆ. ನಿನಗೆ ಆದದ್ದು ಅದು. ಈ ಹಕ್ಕಿ ಕೋಣೆಯನ್ನು ಬರಿದಾಗಿ ಬಿಡುವುದಿಲ್ಲ. ಹೊರಗೆ ಭಾರ ಏರಿದಂತೆ ಒಳಗೆ ತನ್ನದೇ ರಕ್ತವನ್ನು ತುಂಬಿಕೊಳ್ಳುತ್ತದೆ. ಎರಡೂ ಕಡೆ ಸಮವಾದರೆ ಒಡೆಯುವುದು ಯಾವುದು?"

ಜಟ್ಟಿ ಆ ಪುಟ್ಟ ತಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತ. ತನ್ನ ಕೈಯಿಂದ ಎಷ್ಟೋ ಗುಮಟೆಗಳನ್ನು ಕಟ್ಟಿದವನು ಅವನು. ಇಷ್ಟು ಸಣ್ಣ ಜಾಗದಲ್ಲಿ ಇಂಥ ಕೆಲಸವನ್ನು ಅವನು ಕಂಡಿರಲಿಲ್ಲ. ಹಕ್ಕಿಯನ್ನು ಅವನು ಬಿಸಾಡಲಿಲ್ಲ. ದಡದ ಮರಳಿನಲ್ಲಿ ಗುಂಡಿ ತೋಡಿ ಇಟ್ಟು ಕೈಮುಗಿದ.

ಇಷ್ಟು ದಪ್ಪ ತಮಟೆಯ ಹಕ್ಕಿಗೆ ಏನು ಕೇಳಿಸೀತು ಎಂಬ ಸಂಶಯ ಅವನಿಗೆ ಉಳಿಯಿತು. ನೀರಲ್ಲಿ ನೆಟ್ಟ ಗೂಟಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಾ ಕೂರುತ್ತವೆ. ಪಕ್ಕದಲ್ಲೇ ಮೈನಾಗಳೂ ಕೂರುತ್ತವೆ. ಅವನು ಹಿಂದಿನಿಂದ ಹೋಗಿ ನಾಲಿಗೆ ಲೊಚಗುಟ್ಟಿದ. ಮೈನಾಗಳು ಹಾರಿಹೋದವು. ನೀರುಕಾಗೆ ಕುಳಿತೇ ಇತ್ತು. ಇನ್ನೊಂದು ದಿನ ಹಕ್ಕಿ ಮುಳುಗಿದ್ದಾಗ ಅವನು ಸೊಂಟದ ನೀರಿನಲ್ಲಿ ನಿಂತು, ನೀರೊಳಗೆ ಎರಡು ಕಲ್ಲುಗಳನ್ನು ಒಂದಕ್ಕೊಂದು ಮೆಲ್ಲನೆ ತಾಗಿಸಿದ. ತನ್ನತ್ತ ಬರುತ್ತಿದ್ದ ಹಕ್ಕಿ ತಟ್ಟನೆ ತಿರುಗಿ ಬೇರೆ ಕಡೆ ಹೋಯಿತು.

"ಗಾಳಿಯಲ್ಲಿ ಅರೆಗಿವುಡು, ನೀರಿನಲ್ಲಿ ಚುರುಕು. ಎರಡೂ ಕಡೆ ಹೆಚ್ಚು ಬೇಕೆಂದು ಅದು ಹಟ ಹಿಡಿದಿಲ್ಲ. ತನ್ನ ಅನ್ನ ಎಲ್ಲಿದೆಯೋ ಅಲ್ಲಿಗೆ ಕಿವಿಯನ್ನು ಕೊಟ್ಟಿದೆ" ಎಂದು ಅವನು ಬೀರಮ್ಮನಿಗೆ ಹೇಳಿದ.

"ಸರಿ. ನಮ್ಮ ಮಂಕಾಳಿಯ ಕಿವಿಯಲ್ಲಿ ಅಂಥ ಮಾಂಸ ಇದೆಯೇ?" ಎಂದಳು ಬೀರಮ್ಮ.

ಇರಲಿಲ್ಲ. ನೀರು ದಿನದಿಂದ ದಿನಕ್ಕೆ ತಿಳಿಯಾಗುತ್ತಿತ್ತು.

ಆ ವಾರ ಬೀರಮ್ಮನಿಗೆ ನೆಗಡಿಯಾಯಿತು. ಮೂಗು ಕಟ್ಟಿ ಕಿವಿಯೂ ಮಂದವಾಯಿತು. ಅವಳು ಹಿತ್ತಲಲ್ಲಿ ನಿಂತು ಮೂಗನ್ನು ಗಟ್ಟಿಯಾಗಿ ಹಿಡಿದು ಸಿಂಬಳ ತೆಗೆಯಲೆಂದು ಉಸಿರೊತ್ತಿದಳು. ಮೂಗು ಬಿಡಲಿಲ್ಲ, ಕಿವಿಯಲ್ಲಿ ಟಪ್ ಎಂದಿತು. "ಅಯ್ಯೋ, ಗಾಳಿ ಕಿವಿಗೆ ಹೋಯಿತು" ಎಂದು ಅವಳು ನಕ್ಕಳು.

ಜಟ್ಟಿ ಎದ್ದು ಬಂದ. "ಯಾವ ಕಡೆಯಿಂದ ಹೋಯಿತು?"

"ಒಳಗಿನಿಂದ. ಇನ್ನು ಯಾವ ಕಡೆಯಿಂದ?"

ಜಟ್ಟಿ ತನ್ನ ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಉಸಿರನ್ನು ಒತ್ತಿದ. ಎಡಗಿವಿಯ ತಮಟೆ ಹೊರಕ್ಕೆ ಉಬ್ಬಿದ್ದು ಅವನಿಗೆ ತಿಳಿಯಿತು. ಬಲಗಿವಿಯ ಹರಿದ ತಮಟೆಯಿಂದ ಗಾಳಿ ಸುಯ್ಯೆಂದು ಹೊರಗೆ ಹೋಯಿತು. ಆ ಸುಯ್ಯೆಂಬ ಸದ್ದು ಬೀರಮ್ಮನಿಗೂ ಕೇಳಿಸಿತು. ಅವಳ ನಗೆ ನಿಂತಿತು. ಅವನ ಮುಖ ಮಾತ್ರ ಬೆಳಗಿತ್ತು.

"ಹಕ್ಕಿ ರಕ್ತ ತುಂಬಿಕೊಳ್ಳುತ್ತದೆ. ನಾವು ಉಸಿರು ತುಂಬಿಕೊಳ್ಳಬಹುದು" ಎಂದ.

ಅವನು ತಮ್ಮನಿಗೆ ತೆಳುನೀರಿನಲ್ಲಿ ಅದನ್ನು ಕಲಿಸಿದ. ಒತ್ತು ಗೊತ್ತಾದೊಡನೆ ಮೂಗು ಹಿಡಿದು ಉಸಿರೊತ್ತಬೇಕು. ಟಪ್ಪೆಂದು ಕಿವಿ ಬಿಟ್ಟು ಒತ್ತು ಹೋದರೆ ಮುಂದಕ್ಕೆ ಇಳಿಯಬೇಕು. ಬಿಡದಿದ್ದರೆ ಒಂದು ಮಾರು ಮೇಲೆ ಬಂದು ಮತ್ತೆ ಒತ್ತಬೇಕು. ಆಗಲೂ ಬಿಡದಿದ್ದರೆ ಇಳಿಯದೆ ಮೇಲಕ್ಕೇ ಬಂದುಬಿಡಬೇಕು. ಮಂಕಾಳಿ ಬೇಗ ಕಲಿತ. ಅವನಿಗೆ ಒಂದೇ ಒಂದು ಕೊರಗು.

"ರಕ್ತ ಬರದಿದ್ದರೆ ನನ್ನನ್ನು ಗಂಡಾಳು ಎನ್ನುವುದಿಲ್ಲ ಅಣ್ಣ."

"ಹೌದು, ಎನ್ನುವುದಿಲ್ಲ" ಎಂದ ಜಟ್ಟಿ. ತಮ್ಮನಿಗೆ ಅವನು ಸುಳ್ಳು ಸಮಾಧಾನ ಹೇಳಲಿಲ್ಲ. "ನನ್ನನ್ನು ಅಂದರು. ಆವತ್ತು ನನಗೂ ಹೆಮ್ಮೆಯಾಗಿತ್ತು. ಆ ಅರಿಸಿನ ಮಾರನೆಯ ದಿನ ಮುಖ ತೊಳೆದಾಗ ಹೋಯಿತು."

ಗೊತ್ತಾದ ದಿನ ಬಂತು. ದೋಣಿ ಅಳಿವೆಯ ಬಾಯಿಗೆ ಹೋಯಿತು. ಜಟ್ಟಿ ತಾನು ಕಲಿಸಿದ್ದನ್ನು ತಿಮ್ಮಜ್ಜನಿಗೆ ಮೊದಲೇ ಹೇಳಬೇಕೆಂದು ಅವನ ಕಿವಿಯ ಬಳಿ ಬಾಯಿಟ್ಟು ಕೂಗಿ ಹೇಳಿದ. ತಿಮ್ಮಜ್ಜನಿಗೆ ಅರ್ಧ ಕೇಳಿತು. "ಮೂಗು ಹಿಡಿದುಕೊಂಡು ನೀರಿಗಿಳಿಯುವುದೇ? ನಿನ್ನ ತಮ್ಮ ಸ್ನಾನಕ್ಕೆ ಬಂದಿದ್ದಾನೆಯೇ?" ಎಂದ. ದೋಣಿಯಲ್ಲಿದ್ದವರು ನಕ್ಕರು. ಮಂಕಾಳಿ ಯಾರ ಮುಖವನ್ನೂ ನೋಡದೆ ನೀರಿಗೆ ಹಾರಿದ.

ಜಟ್ಟಿ ದೋಣಿಯ ಅಂಚಿಗೆ ಬಗ್ಗಿದ. ತಮ್ಮ ಒಂದಷ್ಟು ಇಳಿದು ನಿಂತದ್ದು ಕಂಡಿತು. ಕೈ ಮೂಗಿಗೆ ಹೋದದ್ದು ಕಂಡಿತು. ಮತ್ತೆ ಇಳಿದ, ಮತ್ತೆ ನಿಂತ. ಆಮೇಲೆ ಮೇಲಕ್ಕೇ ಬಂದು ತಲೆ ಹೊರಹಾಕಿದ. ಕೈಯಲ್ಲಿ ಏನೂ ಇರಲಿಲ್ಲ. "ಕಿವಿ ಬಿಡಲಿಲ್ಲ" ಎಂದ. ದೋಣಿಯಲ್ಲಿ ಮತ್ತೆ ನಗು ಎದ್ದಿತು. ಈ ಸಲದ ನಗು ಜೋರಾಗಿತ್ತು. ಮಂಕಾಳಿಯ ಕಣ್ಣುಗಳು ಕೆಂಪಾದವು. ಈಗ ಇವನು ಹಟ ಹಿಡಿದು ನೇರ ಇಳಿದುಬಿಡುತ್ತಾನೆ, ಒಡೆದುಕೊಂಡೇ ಬರುತ್ತಾನೆ ಎಂದು ಜಟ್ಟಿ ಕೈ ಚಾಚಿದ. ಹಿಡಿದು ನಿಲ್ಲಿಸಲು ತಮ್ಮ ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ.

ಮಂಕಾಳಿ ಉಸಿರೆಳೆದುಕೊಂಡು ಮುಳುಗಿದ. ಮೊದಲ ಒತ್ತಿಗೆ ನಿಂತ. ಕೈ ಮೂಗಿಗೆ ಹೋಯಿತು. ಒಂದಿಷ್ಟು ಮೇಲೆ ಬಂದು ಮತ್ತೆ ಒತ್ತಿದ. ಆಮೇಲೆ ಇಳಿದ. ಕಪ್ಪು ನೀರಿನಲ್ಲಿ ಕಾಣದಾದ.

ದೋಣಿಯಲ್ಲಿ ನಗು ಅಡಗಿತು. ಜಟ್ಟಿ ನೀರನ್ನೇ ನೋಡುತ್ತಿದ್ದ. ಕೊನೆಗೆ ಗುಳ್ಳೆಗಳು ಎದ್ದವು, ಹಿಂದೆಯೇ ತಲೆ. ಸೊಂಟದ ಚೀಲ ಕಲ್ವದಿಂದ ಉಬ್ಬಿತ್ತು. ಮಂಕಾಳಿ ದೋಣಿಯನ್ನು ಹಿಡಿದುಕೊಂಡು ಏದುಸಿರು ಬಿಟ್ಟ. "ಅಣ್ಣ, ಕೆಳಗೆ ಅರಳು ಹುರಿದ ಹಾಗೆ ಸದ್ದು. ಗುಂಡಿಯ ತುಂಬ. ಎಷ್ಟು ಚೆಂದ ಕೇಳುತ್ತದೆ!" ಎಂದ.

ಆ ಗುಂಡಿಯಲ್ಲಿ ಹಾಗೊಂದು ಸದ್ದಿದೆ ಎಂಬುದು ದೋಣಿಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅಲ್ಲಿಗೆ ಹೋದವರೆಲ್ಲ ಕಿವಿ ಒಡೆದುಕೊಂಡು ಹೋದವರು.

ತಿಮ್ಮಜ್ಜ ಅರಿಸಿನದ ಬಟ್ಟಲು ಹಿಡಿದು ಬಂದ. ಮಂಕಾಳಿಯ ಎರಡೂ ಕಿವಿಗಳೊಳಗೆ ಬೆರಳಾಡಿಸಿ ನೋಡಿದ. ಬೆರಳಿಗೆ ನೀರು ಮಾತ್ರ ಹತ್ತಿತು. ಅವನು ಬಟ್ಟಲನ್ನು ಮುಚ್ಚಿಟ್ಟ.

ಸಂಜೆ ಮಂಕಾಳಿ ಮನೆಯ ಮುಂದೆ ಕೂತು ಗುಮಟೆ ಕಾಯಿಸಿದ. ಜಟ್ಟಿ ತನ್ನ ಎಡಗಿವಿಯನ್ನು ಅವನ ಕಡೆಗೆ ಮಾಡಿ ಕೂತಿದ್ದ. ನಾದ ಕೂಡಿಬಂದಾಗ ಬೀರಮ್ಮ ಕೆಲಸ ಬಿಟ್ಟು ಬಾಗಿಲಿಗೆ ಬಂದಳು. ದಾರಿಯಲ್ಲಿ ಹೋಗುತ್ತಿದ್ದ ತಿಮ್ಮಜ್ಜ ಮಂಕಾಳಿಯ ಬೆರಳಾಟವನ್ನೂ ಬೀರಮ್ಮನ ಮುಖವನ್ನೂ ನೋಡಿ ನಿಂತ. ಅಂಗಳಕ್ಕೆ ಬಂದು, ಬಗ್ಗಿ, ಗುಮಟೆಯ ಚರ್ಮದ ಮೇಲೆ ಅಂಗೈಯಿಟ್ಟ.

"ಹೇಗೆ ಕೇಳುತ್ತದೆ?" ಎಂದು ಕೇಳಿದ.

ಮಂಕಾಳಿ ಮುದುಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೊಡವನ್ನು ಅವನ ಎದೆಗೆ ಒರಗಿಸಿ, ಬಾರಿಸುತ್ತಾ ಹೋದ. ಕತ್ತಲಾಗುವವರೆಗೂ ತಿಮ್ಮಜ್ಜ ಏಳಲಿಲ್ಲ.

ಮಾರನೆಯ ವರ್ಷ ಇನ್ನೊಬ್ಬ ತರುಣ ಗುಂಡಿಗೆ ಇಳಿಯುವ ದಿನ ಬಂತು. ನೀರಿಗೆ ಹಾರುವ ಮೊದಲು ಅವನು ಹಿರಿಯನ ಮುಖ ನೋಡಿದ. ತಿಮ್ಮಜ್ಜ ತನ್ನ ಮೂಗನ್ನು ತಾನು ಹಿಡಿದು ತೋರಿಸಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. ಅವನು ಎದ್ದು ನಮಸ್ಕರಿಸಿದ. "ತಿಳಿಯಿತು ಗುರುಗಳೇ. ಜಡ್ಡುಗಟ್ಟಬೇಕಿಲ್ಲ, ಒಳಗಿನಿಂದ ತುಂಬಿಕೊಳ್ಳಬೇಕು. ಇಂದಿನಿಂದ ಜಪ ಹೆಚ್ಚಿಸುತ್ತೇನೆ. ಆ ಬಲದಿಂದ ಬೆಳಗಿನಿಂದ ಸಂಜೆಯವರೆಗೆ ಜಗಲಿ ಬಿಟ್ಟು ಏಳದೆ ಎಲ್ಲರ ದುಃಖವನ್ನೂ ಕೇಳುತ್ತೇನೆ."

ಗುರುಗಳು ಹೇಳಿದರು: "ಆ ಹಕ್ಕಿ ಒಂದೊಂದು ಮೀನಿಗೂ ಒಂದೊಂದು ಸಲ ಮೇಲೆ ಬರುತ್ತದೆ, ನೀನು ಕಡೆಯ ಸಲ ಮೇಲೆ ಬಂದದ್ದು ಯಾವಾಗ?"